ಟವೆಲ್ಲು ಕೂತ ಉಯ್ಯಾಲೆ

ಚಾಮರಾಜನಗರದ ಪಾರ್ಕಿನಲ್ಲಿ ನಮ್ಮ ಮಾವನವರಿಗೆ ಒಂದು ಸ್ವಂತ ಉಯ್ಯಾಲೆ ಇತ್ತು. ನಂಬುವುದಿಲ್ಲವೇ? ನಗರಸಭೆಯವರೂ ನಂಬುವುದಿಲ್ಲ. ಅದಕ್ಕೆ ಖಾತೆ ಇರಲಿಲ್ಲ, ಪಹಣಿ ಇರಲಿಲ್ಲ, ಕಂದಾಯ ಕಟ್ಟಿದ ರಸೀತಿಯಂತೂ ಇರಲೇ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಆ ಉಯ್ಯಾಲೆ ನಮ್ಮ ಮಾವನವರದೇ ಆಗಿತ್ತು. ಏಕೆಂದರೆ ಆ ಹೊತ್ತಿನಲ್ಲಿ ಅದರ ಮೇಲೆ ಅವರ ಟವೆಲ್ಲು ಕೂತಿರುತ್ತಿತ್ತು.

ಮಾವ ಎಂದರೆ ನನ್ನ ಗಂಡನ ತಂದೆ. ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನವರು. ಹೆಸರು ಹೇಳುವುದಿಲ್ಲ. ಸೊಸೆಯಾದವಳು ಮಾವನ ಹೆಸರು ಎತ್ತಬಾರದು ಎಂಬ ಶಾಸ್ತ್ರಕ್ಕೆ ನಾನೇನೂ ಅಷ್ಟು ಅಂಜುವವಳಲ್ಲ. ಹೆಸರು ಹೇಳಿದರೆ ಪಾರ್ಕಿಗೆ ಬರುವ ತಾಯಂದಿರೆಲ್ಲ ಮನೆ ಹುಡುಕಿಕೊಂಡು ಜಗಳಕ್ಕೆ ಬಂದಾರು ಎಂದು ಅಂಜುತ್ತೇನೆ.

ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದು ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಆದರೆ ಮಾವನವರದು ಬರೀ ವಿದ್ಯೆಯಲ್ಲ, ಸಿದ್ಧಿ. ಗುಂಡ್ಲುಪೇಟೆ ಸ್ಟ್ಯಾಂಡಿಗೆ ಬಸ್ಸು ತಿರುಗುತ್ತಿದ್ದಂತೆ ಅವರು ಅದರ ಪಕ್ಕದಲ್ಲೇ ಓಡುತ್ತಾರೆ. ಡ್ರೈವರ್ ಬ್ರೇಕ್ ಒತ್ತುವ ಮೊದಲೇ ಟವೆಲ್ಲು ಮೂರನೇ ಕಿಟಕಿಯಿಂದ ಒಳಗೆ ಹೋಗಿ, ಸೀಟಿನ ಉದ್ದಕ್ಕೂ ಇಸ್ತ್ರಿ ಮಾಡಿ ಹಾಸಿದಂತೆ ಮಲಗಿರುತ್ತದೆ. ಆಮೇಲೆ ಆರಾಮಾಗಿ ಬಾಗಿಲಿನಿಂದ ಹತ್ತುತ್ತಾರೆ. ಅಷ್ಟರಲ್ಲಿ ಯಾರಾದರೂ ಟವೆಲ್ಲು ಸರಿಸಿ ಕೂತಿದ್ದರೆ ಅವರ ಗತಿ ಕೇಳಬೇಡಿ. ಮಾವ ಟವೆಲ್ಲಿಗೆ ವಲ್ಲಿ ಎನ್ನುತ್ತಾರೆ.

"ವಲ್ಲಿ ಆಕುದ್ಮೇಲ ಅಲ್ಲಿ ಮನ್ಸ ಕುಂತವ್ನೆ ಅಂತ್ಲೆ ಲೆಕ್ಕ. ಮನ್ಸುನ್ ಮ್ಯಾಲ ಬಂದು ಕುಂತಿದ್ದೀಯಲ್ಲಪ್ಪ, ನ್ಯಾಯವಾ?"

ಈ ಮಾತನ್ನು ಅವರು ಎಷ್ಟು ನೊಂದುಕೊಂಡು ಕೇಳುತ್ತಾರೆಂದರೆ, ಕೂತವರಿಗೆ ನಿಜಕ್ಕೂ ತಮ್ಮ ಕೆಳಗೆ ಯಾರೋ ಸಿಕ್ಕಿಕೊಂಡು ಒದ್ದಾಡುತ್ತಿರಬಹುದೆನ್ನಿಸಿ ಎದ್ದುಬಿಡುತ್ತಾರೆ.

ಬಸ್ಸಿನಲ್ಲಿ ಮಾಡಿಕೊಳ್ಳಲಿ, ಬೇಡ ಎಂದವರು ಯಾರು? ಆದರೆ ಬಸ್ಸಿನಲ್ಲಿ ಕಲಿತದ್ದನ್ನು ಪಾರ್ಕಿಗೆ ತಂದರಲ್ಲ, ಅಲ್ಲಿಂದ ಶುರುವಾಯಿತು ನನ್ನ ಕಷ್ಟ.

ಕಳೆದ ವರ್ಷ ನನ್ನ ಗಂಡನಿಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ವರ್ಗವಾಯಿತು. ನಾನೂ ಇಲ್ಲಿಯ ಒಂದು ಶಾಲೆಯಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ನಮಗಿಬ್ಬರಿಗೂ ಹೊಸ ಊರು ಒಂದು ತಿಂಗಳಲ್ಲಿ ಹಳೆಯದಾಯಿತು. ಆಗದಿದ್ದದ್ದು ಏಳು ವರ್ಷದ ಮಗಳು ಸಿಂಚನಳಿಗೆ. ಗುಂಡ್ಲುಪೇಟೆಯಲ್ಲಿ ಓಣಿಯ ತುಂಬ ಗೆಳತಿಯರಿದ್ದವಳು ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು. ಶಾಲೆಯಿಂದ ಬಂದವಳನ್ನು "ಇವತ್ತು ಯಾರ ಜೊತೆ ಆಡಿದೆ?" ಎಂದು ಕೇಳಿದರೆ "ಯಾರ ಜೊತೆಗೂ ಇಲ್ಲ" ಎನ್ನುವುದು ದಿನದ ಉತ್ತರವಾಯಿತು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಮುಂದೆ ರಸ್ತೆ, ಹಿಂದೆ ಇನ್ನೊಬ್ಬರ ಗೋಡೆ. ಪಾರ್ಕಿಗಾದರೂ ಕರೆದುಕೊಂಡು ಹೋದರೆ ಒಬ್ಬಳಾದರೂ ಸ್ನೇಹಿತೆ ಸಿಕ್ಕಾಳು ಎಂದು ಭಾನುವಾರ ಭಾನುವಾರ ಹೋಗತೊಡಗಿದೆವು. ನನಗೆ ಬೇಕಿದ್ದದ್ದು ಅಷ್ಟೇ, ಒಬ್ಬಳೇ ಒಬ್ಬಳು ಸ್ನೇಹಿತೆ.

ನಮ್ಮೂರ ಆ ಪಾರ್ಕು ನನಗೆ ಬಹಳ ಇಷ್ಟ. ದೊಡ್ಡ ದೊಡ್ಡ ಮರಗಳಿವೆ. ಕೈ ಬೀಸಿಕೊಂಡು ಸುತ್ತು ಹಾಕುವ ನಿವೃತ್ತರಿದ್ದಾರೆ. ಗೇಟಿನಾಚೆ ಚುರುಮುರಿ ಗಾಡಿ ಇದೆ. ಒಳಗೆ ಒಂದು ಜಾರುಬಂಡೆ, ಒಂದು ಏತಪಾತ, ಎರಡು ಉಯ್ಯಾಲೆ. ಎರಡರಲ್ಲಿ ಒಂದಕ್ಕೆ ಸರಪಳಿ ಮಾತ್ರ ಇದೆ, ಹಲಗೆ ಇಲ್ಲ. ಹಾಗಾಗಿ ಊರಿನ ಮಕ್ಕಳಿಗೆಲ್ಲ ಉಳಿದಿರುವುದು ಒಂದೇ ಉಯ್ಯಾಲೆ. ಮೊದಲ ಭಾನುವಾರ ಸಿಂಚನ ಅದರ ಮುಂದೆ ಒಂದು ಗಂಟೆ ನಿಂತಳು. ಮುಂದಿದ್ದವರು ಆಡಿದರು, ಹಿಂದೆ ಇದ್ದವರು ಇವಳನ್ನು ದಾಟಿ ಹೋಗಿ ಆಡಿದರು. ಇವಳು ತಳ್ಳಲಿಲ್ಲ, ಬಾಯಿ ಬಿಡಲಿಲ್ಲ, ಕಡೆಗೆ ಅಳುತ್ತಾ ಮನೆಗೆ ಬಂದಳು. ಸಂಜೆ ಊರಿಂದ ತಾತನ ಫೋನ್ ಬಂದಾಗ "ತಾತಾ, ಉಯ್ಯಾಲೆ ಸಿಗಲಿಲ್ಲ" ಎಂದುಬಿಟ್ಟಳು.

ಅತ್ತ ಕಡೆಯಿಂದ ಮಾವನ ದನಿ ಬಂತು.

"ಅಳ್ಬ್ಯಾಡ ಬುಡು ಕಣಮ್ಮಿ. ಮುಂದ್ನ ವಾರ ನಾ ನೋಡ್ಕತೀನಿ."

ಅವರೇನು ನೋಡಿಕೊಳ್ಳುತ್ತಾರೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮರುವಾರ ತಿಂಡಿ ತಿಂದು, ಹತ್ತು ಗಂಟೆಗೆ ಪಾರ್ಕಿಗೆ ಹೋದೆವು. ಉಯ್ಯಾಲೆಯ ಸುತ್ತ ಏಳೆಂಟು ಮಕ್ಕಳು, ಮೂರು ಜನ ತಾಯಂದಿರು, ಒಬ್ಬ ವಾಚ್‌ಮನ್. ನಡುವೆ ಉಯ್ಯಾಲೆಯ ಹಲಗೆಯ ಮೇಲೆ ಕೆಂಪಂಚಿನ ಟವೆಲ್ಲೊಂದು ಗಾಳಿಗೆ ಮೆಲ್ಲಗೆ ತೂಗುತ್ತಿದೆ. ಪಕ್ಕದಲ್ಲಿ ಸರಪಳಿ ಹಿಡಿದು, ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ ನಮ್ಮ ಮಾವ. ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದಿದ್ದಾರೆ. ಮನೆಗೆ ಬಂದು ಒಂದು ಲೋಟ ಕಾಫಿ ಕುಡಿಯೋಣವೆಂದಿಲ್ಲ, ನೆಟ್ಟಗೆ ಪಾರ್ಕಿಗೇ ಬಂದಿದ್ದಾರೆ!

ಒಬ್ಬ ತಾಯಿ ಕೇಳುತ್ತಿದ್ದಳು. "ಅಜ್ಜ, ಅದರ ಮೇಲೆ ಯಾರೂ ಇಲ್ವಲ್ಲ. ನಮ್ ಮಗು ಒಂದ್ ರೌಂಡ್ ಆಡ್ಲಿ ಬಿಡಿ."

"ಯಾರೂ ಇಲ್ಲ ಅಂತ ಯಾರವ್ವ ಅಂದದ್ದು? ವಲ್ಲಿ ಕಾಣಕಿಲ್ವಾ?"

"ಟವೆಲ್ ಆಡುತ್ತಾ ಉಯ್ಯಾಲೆನಾ?"

"ಟವೆಲ್ಲು ಯಾಕವ್ವ ಆಡದು. ನಮ್ಮ ಮೊಮ್ಮಗ್ಳು ಆಡದು. ಬತ್ತಾವ್ಳ. ತಿಂಡಿ ತಿಂತಾವ್ಳ."

ಅಷ್ಟರಲ್ಲಿ ನಮ್ಮನ್ನು ಕಂಡರು. "ಅಗೋ ಬಂದ್ಲು. ಜಾಗ ಬುಡಿ, ಜಾಗ ಬುಡಿ" ಎಂದು ಟವೆಲ್ಲು ಎತ್ತಿ, ಹಲಗೆಯನ್ನು ಒಮ್ಮೆ ಒರೆಸಿ, ಮಗಳನ್ನು ಕೂರಿಸಿದರು. ಹತ್ತು ಹದಿನೈದು ಜನ ನಮ್ಮನ್ನು ನೋಡಿದ ನೋಟವಿತ್ತಲ್ಲ, ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಪಕ್ಕಕ್ಕೆ ತಿರುಗಿದರೆ ನನ್ನ ಗಂಡ ಇಲ್ಲ. ದೂರದಲ್ಲಿ ಮರವೊಂದಕ್ಕೆ ಹೊಡೆದಿದ್ದ ಹೆಸರಿನ ತಗಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ಆಮೇಲೆ ಪ್ರತಿ ಭಾನುವಾರವೂ ಅವರು ಹಾಗೆಯೇ ಮಾಡಿದರು. ಒಂಬತ್ತು ತಿಂಗಳಲ್ಲಿ ನಮ್ಮ ಪಾರ್ಕಿನ ಅಷ್ಟೂ ಮರಗಳ ಹೆಸರು ನನ್ನ ಗಂಡನಿಗೆ ಬಾಯಿಪಾಠವಾಗಿದೆ.

ಮನೆಗೆ ಬಂದು ನಾನು ಮೆಲ್ಲಗೆ ಹೇಳಿ ನೋಡಿದೆ. "ಮಾವ, ಪಾರ್ಕು ಅಂದ್ರೆ ಬಸ್ಸಲ್ಲ. ಅಲ್ಲಿ ಎಲ್ಲಾ ಮಕ್ಕಳೂ ಸರದಿ ಪ್ರಕಾರ ಆಡ್ಬೇಕು."

"ಅದ್ಕೇ ಕಣವ್ವ ನಾನು ಎಲ್ಲರ್ಗಿಂತ ಮುಂಚ ಬಂದದ್ದು" ಎಂದರು. ಇದಕ್ಕೆ ಏನು ಉತ್ತರ ಹೇಳುತ್ತೀರಿ? ಅವರು ಎರಡನೇ ಸಲ ಮುದ್ದೆ ಹಾಕಿಸಿಕೊಂಡರು.

ವಾಚ್‌ಮನ್ ಮೂರು ವಾರ ತಾಳಿಕೊಂಡ. ನಾಲ್ಕನೇ ವಾರ ಗೇಟಿನ ಬಳಿಯ ಬೋರ್ಡಿನಲ್ಲಿ, ಹೂ ಕೀಳಬಾರದು, ಹುಲ್ಲಿನ ಮೇಲೆ ನಡೆಯಬಾರದು ಎಂಬುದರ ಕೆಳಗೆ, ಸೀಮೆಸುಣ್ಣದಲ್ಲಿ ಇನ್ನೊಂದು ಸಾಲು ಕಾಣಿಸಿಕೊಂಡಿತು: 'ಆಟದ ಸಾಮಾನಿನ ಮೇಲೆ ಬಟ್ಟೆ ಒಣಹಾಕಬಾರದು.' ನನಗೆ ಮನಸ್ಸಿನಲ್ಲೇ ಸಂತೋಷ. ಮಾವನವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಎರಡು ಸಲ ಓದಿ, ತಲೆದೂಗಿ, ವಾಚ್‌ಮನ್‌ನನ್ನು ಕರೆದರು.

"ಒಳ್ಳೇದ್ ಬರ್ದಿದ್ದೀಯ ಕಣಪ್ಪ. ಒಣಾಕಬಾರ್ದು, ಸರಿಯಾಗದ. ನಮ್ದು ಒಣ್ಗಿರ ವಲ್ಲಿ, ಮುಟ್ ನೋಡು."

ವಾಚ್‌ಮನ್ ಮುಟ್ಟಿಯೂ ನೋಡಿದ. ಒಣಗಿತ್ತು. ಪಾಪ, ಅವನು ಸುಮ್ಮನೆ ಹೋಗಿ ತನ್ನ ಕುರ್ಚಿಯ ಮೇಲೆ ಕೂತುಕೊಂಡ. ಅದರ ಮುಂದಿನ ವಾರದಿಂದ ಮಾವ ಅವನಿಗಾಗಿ ಊರಿಂದ ಎರಡು ಜೋಳದ ತೆನೆ ತರತೊಡಗಿದರು. ಕಾನೂನಿನ ಕೈ ಅಲ್ಲಿಗೆ ಕಟ್ಟಿಹೋಯಿತು.

ಉಯ್ಯಾಲೆ ಒಂದರಲ್ಲೇ ನಿಂತಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ. ಒಂದು ದಿನ ಸಿಂಚನ "ತಾತಾ, ಏತಪಾತ ಕೂಡ ಆಡಬೇಕು" ಎಂದಳು. ಮುಂದಿನ ವಾರ ಉಯ್ಯಾಲೆಯ ಮೇಲೆ ಟವೆಲ್ಲು, ಏತಪಾತದ ಒಂದು ತುದಿಗೆ ಮಾವನ ಕೈಚೀಲ, ಇನ್ನೊಂದು ತುದಿಗೆ ಎಡಗಾಲಿನ ಚಪ್ಪಲಿ. ಜಾರುಬಂಡೆಯ ಮೆಟ್ಟಿಲಿಗೆ ಕೊಡೆ. ನಮಗೆ ಕೂರಲೆಂದು ನೆರಳಿನ ಕಲ್ಲುಬೆಂಚಿನ ಮೇಲೆ ಒಂದು ಹಳೇ ಲುಂಗಿ. ಮಾವ ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಒಂದರಿಂದ ಇನ್ನೊಂದಕ್ಕೆ ಕುಂಟುತ್ತಾ ಕಾವಲು ತಿರುಗುತ್ತಿದ್ದರು. ಬೆಳಗಿನ ವಾಕಿಂಗಿಗೆ ಬಂದ ಒಬ್ಬ ಹಿರಿಯರು ನನ್ನ ಹತ್ತಿರ ಬಂದು, "ಇಲ್ಲಿ ಏನಮ್ಮ, ಹಳೇ ಬಟ್ಟೆ ದಾನ ನಡೀತಾ ಇದೆಯಾ?" ಎಂದು ಕೇಳಿದರು. ನಾನು ಹೌದೆಂದೆ. ಇನ್ನೇನು ಹೇಳಲಿ?

ಪಾರ್ಕಿನ ಹೊರಗೂ ಇದೇ ಕಥೆ. ಹಂಗಳದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನಮ್ಮ ಮನೆಯವರಿಗೆಂದು ಮಾವ ಉದ್ದಕ್ಕೆ ಒಂಬತ್ತು ಎಲೆ ಹಿಡಿದರು. ನಮ್ಮ ಕಡೆಯ ಒಂಬತ್ತು ಜನ ಇನ್ನೂ ಬಸ್ಸಿನಲ್ಲಿದ್ದೆವು. ಬಡಿಸುವವರು ಅಭ್ಯಾಸಬಲದಿಂದ ಒಂಬತ್ತು ಎಲೆಗೂ ಪಲ್ಯ, ಕೋಸಂಬರಿ, ಅನ್ನ, ಸಾರು ಎಲ್ಲ ಬಡಿಸಿ ಹೋದರು. ನಾವು ಹೋದಾಗ ಗಂಡಿನ ಕಡೆಯವರು ಗೋಡೆಗೆ ಒರಗಿ ನಿಂತು, ತಣ್ಣಗಾಗುತ್ತಿರುವ ಆ ಒಂಬತ್ತು ಊಟಗಳನ್ನು ನೋಡುತ್ತಿದ್ದರು. ಅವರ ಕಣ್ಣೆದುರು ಕೂತು ನಾನು ಉಂಡ ಆ ಪಾಯಸದ ರುಚಿ ಹೇಗಿತ್ತು ಎಂದು ಈಗಲೂ ಹೇಳಲಾರೆ.

ಇರಲಿ, ಪಾರ್ಕಿಗೇ ಬರೋಣ. ಕೆಟ್ಟ ಅಭ್ಯಾಸಕ್ಕೆ ಕಾಲಿರುತ್ತದೆ ಎನ್ನುತ್ತಾರಲ್ಲ, ಅದು ಅಲ್ಲಿ ನಿಜವಾಯಿತು. ಮೊದಮೊದಲು ಮಾವನವರನ್ನು ಬೈದ ತಾಯಂದಿರೇ ಆಮೇಲೆ ಯೋಚನೆ ಮಾಡಿದರು. ಈ ಮುದುಕ ಭೀಮನಬೀಡಿನಿಂದ ಬಂದು ಹಿಡಿಯುತ್ತಾನಂತೆ, ನಾವು ಪಕ್ಕದ ಬೀದಿಯವರು ಸುಮ್ಮನಿರುವುದೇ? ಒಂದು ವಾರ ಜಾರುಬಂಡೆಯ ಮೇಲೆ ಯಾರದೋ ಸ್ಕೂಲ್ ಬ್ಯಾಗು ಕೂತಿತ್ತು. ಮರುವಾರ ಏತಪಾತದ ಮೇಲೆ ಎರಡು ನೀರಿನ ಬಾಟಲಿ. ಆಮೇಲೆ ದುಪಟ್ಟಾ, ಕ್ಯಾಪು, ಟಿಫಿನ್ ಡಬ್ಬಿ, ಒಬ್ಬರಂತೂ ಮನೆಯ ಕಾಲೊರಸನ್ನೇ ತಂದು ಹಾಸಿದ್ದರು. ಯುಗಾದಿ ಕಳೆದ ಮೇಲಿನ ಒಂದು ಭಾನುವಾರ ನಾನು ಹೋಗಿ ನೋಡುತ್ತೇನೆ, ಪಾರ್ಕಿನ ಅಷ್ಟೂ ಆಟದ ಸಾಮಾನಿನ ಮೇಲೆ ಬಟ್ಟೆಬರೆಗಳು ಆರಾಮಾಗಿ ಕೂತಿವೆ, ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದಾರೆ. ಒಂದು ಮಗುವೂ ಆಡುತ್ತಿಲ್ಲ!

ಮಾವ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿ, "ಈಗ ನೋಡವ್ವ, ಎಲ್ಲಾ ಒಂದು ಪದ್ಧತಿಗ ಬಂತು" ಎಂದರು.

ಇಷ್ಟೆಲ್ಲ ನಡೆಯುವಾಗ ಸಿಂಚನ ಏನು ಮಾಡುತ್ತಿದ್ದಳು ಎಂದು ಕೇಳುತ್ತೀರೇನೋ. ಉಯ್ಯಾಲೆ ಆಡುತ್ತಿದ್ದಳು, ಒಬ್ಬಳೇ. ತಾತ ಹಿಂದೆ ನಿಂತು ತೂಗುತ್ತಿದ್ದರು, ಅವಳು ಹೋಗಿ ಬರುತ್ತಿದ್ದಳು, ಎದುರಿಗೆ ಒಂದು ಸಾಲು ಮಕ್ಕಳು ಮುಖ ಊದಿಸಿಕೊಂಡು ಅವಳನ್ನೇ ನೋಡುತ್ತಿದ್ದರು. ಅವಳು ಇಳಿದು ಅವರ ಕಡೆ ನಡೆದರೆ ಅವರು ಬೇರೆ ಕಡೆ ಓಡುತ್ತಿದ್ದರು. ಸ್ನೇಹಿತೆ ಸಿಗಲೆಂದು ಪಾರ್ಕಿಗೆ ಕರೆತಂದ ಮಗುವಿಗೆ ಪಾರ್ಕಿನಲ್ಲೂ ಯಾರೂ ಇಲ್ಲವಾದರು. ನನಗೆ ಇದು ಕಾಣುತ್ತಿತ್ತು. ಮಾವನವರಿಗೆ ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಮೊಮ್ಮಗಳು ಉಯ್ಯಾಲೆಯ ಮೇಲಿದ್ದಾಳೆ ಎಂಬುದೊಂದೇ.

ಒಂದು ಶನಿವಾರ ಸಂಜೆ ತಲೆ ಬಾಚುತ್ತಿದ್ದಾಗ ಸಿಂಚನ ಹೇಳಿದಳು. "ಅಮ್ಮ, ನಾಳೆ ಪಾರ್ಕು ಬೇಡ."

"ಯಾಕೆ ಮಗ?"

"ಎಲ್ಲರೂ ನನ್ನ ಟವೆಲ್ ತಾತನ ಮೊಮ್ಮಗಳು ಅಂತಾರೆ. ಇವಳ ಜೊತೆ ಆಡಬಾರದು ಅಂತಾರೆ." ಆಮೇಲೆ ಬಹಳ ಸಣ್ಣ ದನಿಯಲ್ಲಿ, "ತಾತನಿಗೆ ಬರಬೇಡ ಅಂತ ಹೇಳ್ತೀಯಾ?" ಎಂದಳು.

ಸಿಟ್ಟು ಬಂತು. ಮಗಳ ಮೇಲಲ್ಲ, ಮಾವನ ಮೇಲೆ. ಆ ಟವೆಲ್ಲನ್ನು ತೆಗೆದುಕೊಂಡು ಹೋಗಿ ಒಲೆಗೆ ಹಾಕಬೇಕು ಎನ್ನುವಷ್ಟು ಸಿಟ್ಟು.

ಅವತ್ತು ಮನೆಯಲ್ಲಿ ದೊಡ್ಡ ಚರ್ಚೆ. ಹೇಳುವವರು ಯಾರು?

"ನಿಮ್ಮಪ್ಪ. ನೀವೇ ಹೇಳಿ" ಎಂದೆ.

"ನೀನು ಟೀಚರ್ರು. ದಿನಾ ನಲವತ್ತು ಜನಕ್ಕೆ ಬುದ್ಧಿ ಹೇಳ್ತೀಯ. ಇನ್ನೊಬ್ಬರು ಹೆಚ್ಚಾ?"

"ಆ ನಲವತ್ತು ಜನ ನನಗೆ ಮಾವ ಆಗಬೇಕಾಗಿಲ್ಲ."

"ನನ್ನ ಕೈಲಿ ಆಗಲ್ಲ ಕಣೇ" ಎಂದರು ನನ್ನ ಗಂಡ. ಹಾಗೆಂದವರು ತಲೆ ತಗ್ಗಿಸಿ ಬಹಳ ಹೊತ್ತು ಕೂತಿದ್ದರು. ಮರದ ಹೆಸರು ಓದುವವರ ಹತ್ತಿರ ಇನ್ನೇನು ಮಾತು ಎಂದು ನಾನೇ ಹೊರಟೆ.

ಮರುದಿನ ಬೆಳಿಗ್ಗೆ ಏಳೂವರೆಗೆ ಸ್ಕೂಟರ್ ತೆಗೆದುಕೊಂಡು ಒಬ್ಬಳೇ ಪಾರ್ಕಿಗೆ ಹೋದೆ. ಅಪ್ಪ ಮಗಳು ಹತ್ತು ಗಂಟೆಗೆ ಬರುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಪಾಠದ ಹಾಗೆ ಜೋಡಿಸಿಕೊಂಡಿದ್ದೆ. ಇನ್ನೂ ಮಕ್ಕಳು ಬಂದಿರಲಿಲ್ಲ. ಉಯ್ಯಾಲೆಯ ಮೇಲೆ ಟವೆಲ್ಲಿತ್ತು, ಪಕ್ಕದಲ್ಲಿ ಮಾವ ಸರಪಳಿ ಹಿಡಿದು ನಿಂತಿದ್ದರು. ಕಲ್ಲುಬೆಂಚು ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು.

"ಯಾಕವ್ವ, ಇಷ್ಟ್ ಬ್ಯಾಗ? ಅಮ್ಮಿ ಉಸಾರಾಗವ್ಳ ತಾನೆ?"

"ಸಿಂಚನ ಚೆನ್ನಾಗಿದ್ದಾಳೆ ಮಾವ." ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಇನ್ಮೇಲೆ ನೀವು ಸೀಟು ಹಿಡಿಯೋದು ಬೇಡ ಮಾವ. ಇದರಿಂದ ಮಗು ಜೊತೆ ಯಾರೂ ಸೇರ್ತಿಲ್ಲ. ಹೆಸರಿಟ್ಟು ಕರೀತಾರೆ. ಅವಳಿಗೆ ಬಹಳ ಬೇಜಾರಾಗಿದೆ."

ಮಾವ ನನ್ನನ್ನೇ ನೋಡಿದರು. ಒಂದು ವಾದ ಹೂಡುತ್ತಾರೆ, ನಾನೊಂದು ಕೊಡುತ್ತೇನೆ ಎಂದು ಸಿದ್ಧವಾಗಿದ್ದೆ.

"ಅಮ್ಮಿನೇ ಅಂದ್ಲಾ?" ಎಂದರು.

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಹೂಂ ಮಾವ."

ಅವರು ಟವೆಲ್ಲು ತೆಗೆದು, ಒಮ್ಮೆ ಕೊಡವಿ, ಹೆಗಲಿಗೆ ಹಾಕಿಕೊಂಡರು. ಹಲಗೆ ಬರಿದಾಯಿತು. ಆಮೇಲೆ ಅಲ್ಲೇ ನಿಂತು, ನನಗೆ ಹೇಳುತ್ತಿದ್ದಾರೋ ಆ ಹಲಗೆಗೆ ಹೇಳುತ್ತಿದ್ದಾರೋ ತಿಳಿಯದ ಹಾಗೆ ಶುರು ಮಾಡಿದರು.

"ನಂಗ ಬರದು ಇದೊಂದೆ ಕಣವ್ವ. ನಿನ್ ಗಂಡ ಮೈಸೂರ್ಲಿ ಓದ್ತಿದ್ದಾಗ ಭಾನ್ವಾರ ಊರ್ಗ ಬತ್ತಿದ್ದ, ಸೋಮಾರ ಬೆಳಿಗ್ಗ ಓಗ್ಬೇಕು. ಸೋಮಾರ ಬಸ್ಸು ಎಂಗಿರದು ಅಂತ ನಿಂಗೊತ್ತಲ್ಲ. ಅಷ್ಟ್ ದೂರ ನಿಂತ್ಕಂಡೋದ್ರ ಅಲ್ಲೋಗಿ ಏನ ಓದಾನು? ಅದ್ಕ ನಾ ಮುಂಚೆ ಓಗಿ ಸೀಟ್ ಇಡ್ದು, ಅವನ್ನ ಕುಂಡ್ರುಸ್ತಿದ್ದೆ. ಕುಂತ್ಕಂಡು ಪುಸ್ತಕ ತಗೀತಿದ್ದ. ಅದ ನೋಡ್ಬುಟ್ಟು ಇಳ್ಕತಿದ್ದೆ."

"ನೀವು ಮೈಸೂರಿಗೆ ಹೋಗ್ತಿರಲಿಲ್ವಾ?"

"ನಾನ್ಯಾಕವ್ವ ಓಗ್ಲಿ. ನಂಗ ಒಲ್ದಲ್ಲಿ ಕೂಲಿ ಇರ್ತಿತ್ತು. ಬಸ್ಸು ಅತ್ಲಾಗ್ ಓದ್ಮೇಲ ನಾ ಇತ್ಲಾಗ ನಡ್ಕ ಓಯ್ತಿದ್ದೆ. ಮೂರೊರ್ಸ ಒಂದ್ ವಾರನೂ ಅವ ನಿಂತ್ಕ ಓಗ್ನಿಲ್ಲ." ಇಷ್ಟು ಹೇಳಿ, ತಪ್ಪು ಒಪ್ಪಿಕೊಳ್ಳುವವರಂತೆ ನಕ್ಕರು. "ಪಾಠ ಏಳ್ಕೊಡಕ್ಕ ನಂಗ ಬರಕಿಲ್ಲ. ಒಳ್ಳೆ ಬಟ್ಟೆ ಎಲ್ಲಿ ಸಿಕ್ತದ ಗೊತ್ತಿಲ್ಲ. ಸೀಟ್ ಇಡಿಯದ್ ಬತ್ತದಲ್ಲ, ಅದ್ನೇ ಮಾಡ್ದೆ. ಅಮ್ಮಿಗ ಕೆಟ್ಟದಾಯ್ತದ ಅಂತ ಗೊತ್ತಾಗ್ನಿಲ್ಲ ಕಣವ್ವ."

ನನ್ನ ಗಂಡ ಹಿಂದಿನ ದಿನ ತಲೆ ತಗ್ಗಿಸಿ ಕೂತಿದ್ದದ್ದು ಯಾಕೆಂದು ಆಗ ಗೊತ್ತಾಯಿತು. ಇನ್ನೂ ಒಂದು ಗೊತ್ತಾಯಿತು. ಈ ಮನುಷ್ಯ ಮಗನಿಗೂ ಮೊಮ್ಮಗಳಿಗೂ ಹಿಡಿದ ಒಂದು ಜಾಗದಲ್ಲೂ ತಾವು ಕೂತಿರಲಿಲ್ಲ. ಒಂಬತ್ತು ತಿಂಗಳು, ವಾರಕ್ಕೆ ಮೂರು ಗಂಟೆ, ನಾಲ್ಕು ಹೆಜ್ಜೆ ದೂರದ ಬೆಂಚಿನಲ್ಲಿ ಕೂಡ ಕೂರದೆ ಸರಪಳಿ ಹಿಡಿದು ನಿಂತಿದ್ದರು. ನಾನು ಆ ಟವೆಲ್ಲನ್ನು ಒಲೆಗೆ ಹಾಕಬೇಕೆಂದುಕೊಂಡಿದ್ದನ್ನು ನೆನೆದು ನನಗೆ ನನ್ನ ಮೇಲೇ ಬೇಸರವಾಯಿತು. ಮಾವನ ತೋಳು ಹಿಡಿದು ಬೆಂಚಿಗೆ ಕರೆತಂದು ಕೂರಿಸಿದೆ.

ಹತ್ತು ಗಂಟೆಗೆ ಅಪ್ಪ ಮಗಳು ಬಂದರು. ಅಷ್ಟರಲ್ಲಿ ಟವೆಲ್ಲಿಲ್ಲದ ಉಯ್ಯಾಲೆಯ ಮುಂದೆ ಮಕ್ಕಳ ಸಾಲಿತ್ತು. ಸಿಂಚನ ಖಾಲಿ ಇಲ್ಲದ ಉಯ್ಯಾಲೆಯನ್ನು ನೋಡಿದಳು, ತಾತನನ್ನು ನೋಡಿದಳು. ತಾತ ಮರ ನೋಡಿದರು. ಅವಳು ನಿಧಾನವಾಗಿ ಹೋಗಿ ಸಾಲಿನ ಕೊನೆಯಲ್ಲಿ, ನೀಲಿ ಫ್ರಾಕಿನ ಒಂದು ಹುಡುಗಿಯ ಹಿಂದೆ ನಿಂತಳು.

ಇತ್ತ ಬೆಂಚಿನಲ್ಲಿ ಮಾವನವರ ಪಾಡು ಹೇಳತೀರದು. "ಎಷ್ಟನೇವ್ಳವ್ವ?"

"ಆರನೆಯವಳು ಮಾವ."

"ಆ ಚಡ್ಡಿ ಐದ ನಡೂಕ ನುಗ್ಗುತಾವನ ನೋಡು."

"ನುಗ್ತಿಲ್ಲ ಮಾವ. ಆ ಹುಡುಗ ಸುಮ್ನೆ ನಿಂತಿದ್ದಾನೆ."

ಅವರ ಕೈ ಮತ್ತೆ ಮತ್ತೆ ಹೆಗಲಿಗೆ ಹೋಗುತ್ತಿತ್ತು. ನಾನು ಟವೆಲ್ಲಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ನನ್ನ ಗಂಡ ಆವತ್ತು ಯಾವ ಮರದ ಹತ್ತಿರವೂ ಹೋಗಲಿಲ್ಲ. ಅವರಪ್ಪನ ಪಕ್ಕದಲ್ಲಿ ಬಂದು ಕೂತರು.

ಸಾಲು ಮುಂದೆ ಸರಿಯಿತು. ನೀಲಿ ಫ್ರಾಕಿನವಳು ಹಿಂದೆ ತಿರುಗಿ ಏನೋ ಕೇಳಿದಳು. ಸಿಂಚನ ತಲೆಯಾಡಿಸಿದಳು. ಅವಳು ಇನ್ನೇನೋ ಹೇಳಿದಳು. ಸಿಂಚನ ನಕ್ಕಳು. ಇಷ್ಟು ದಿನದಲ್ಲಿ ಆ ಪಾರ್ಕಿನಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಇನ್ನಿಬ್ಬರು ಆಡಿದರೆ ನೀಲಿ ಫ್ರಾಕಿನವಳ ಸರದಿ ಎನ್ನುವ ಹೊತ್ತಿಗೆ, ಅವಳು ಸಿಂಚನಳ ಕಿವಿಯಲ್ಲಿ ಏನೋ ಹೇಳಿ, ಪಾರ್ಕಿನ ಆ ತುದಿಯ ನೀರಿನ ನಲ್ಲಿಯ ಕಡೆ ಓಡಿಹೋದಳು.

ಇಬ್ಬರೂ ಆಡಿ ಇಳಿದರು. ಉಯ್ಯಾಲೆ ಖಾಲಿಯಾಯಿತು. ನೀಲಿ ಫ್ರಾಕಿನವಳು ಇನ್ನೂ ನಲ್ಲಿಯ ಹತ್ತಿರವೇ ಇದ್ದಳು. ಹಿಂದಿದ್ದ ಚಡ್ಡಿಯ ಹುಡುಗ ಮುಂದೆ ಬಂದ. ಸಿಂಚನ ಸರಪಳಿಗೆ ಕೈ ಅಡ್ಡ ಹಿಡಿದಳು.

"ಇಲ್ಲಿ ಜನ ಇದ್ದಾರೆ" ಎಂದಳು. ಅವಳ ದನಿ ಬೆಂಚಿನವರೆಗೆ ಕೇಳಿಸಿತು.

"ಎಲ್ಲಿದ್ದಾರೆ?"

"ನೀರು ಕುಡಿಯೋಕೆ ಹೋಗಿದ್ದಾಳೆ. ನನ್ ಫ್ರೆಂಡು. ನೋಡ್ಕೋ ಅಂತ ನಂಗೆ ಹೇಳಿದ್ದಾಳೆ."

"ಹಂಗಾದ್ರೆ ನೀನು ಹತ್ತು. ಬೇಗ ಹತ್ತು, ನಮಗೂ ಬೇಕು."

ಒಂದು ಕಾಲದಲ್ಲಿ ಈ ಉಯ್ಯಾಲೆಗಾಗಿ ಅತ್ತುಕೊಂಡು ಮನೆಗೆ ಬಂದಿದ್ದವಳು ಅವಳೇ. ಈಗ ಹಲಗೆ ಎದುರಿಗೇ ಇದೆ, ಹತ್ತು ಎನ್ನುತ್ತಿದ್ದಾರೆ. ಅವಳು ಹತ್ತಲಿಲ್ಲ.

"ನಾನು ಹತ್ತಲ್ಲ. ಇದು ಅವಳದು" ಎಂದು, ಸರಪಳಿ ಹಿಡಿದು ಪಕ್ಕಕ್ಕೆ ನಿಂತುಕೊಂಡಳು.

ತಿರುಗಿ ನೋಡಿದರೆ ಮಾವ ಮುಖ ಆ ಕಡೆ ಮಾಡಿಕೊಂಡಿದ್ದರು, ನನ್ನ ಗಂಡ ಅವರ ಕೈ ಹಿಡಿದುಕೊಂಡಿದ್ದರು. ಅಷ್ಟು ದಿನ ಆ ಮುದುಕರನ್ನು ಕಂಡು ನಾಚಿಕೊಂಡಿದ್ದ ನನಗೆ, ಇವರ ರಕ್ತ ನನ್ನ ಮಗಳಲ್ಲಿ ಹರಿಯುತ್ತಿದೆಯಲ್ಲ ಎಂದು ಎಷ್ಟು ಸಂತೋಷವಾಯಿತೆಂದರೆ ಹೇಳಲು ಬರುವುದಿಲ್ಲ.

ನೀಲಿ ಫ್ರಾಕಿನವಳು ಗಲ್ಲದಿಂದ ನೀರು ಸುರಿಸಿಕೊಂಡು ಓಡಿಬಂದು ಉಯ್ಯಾಲೆ ಹತ್ತಿದಳು. ಸಿಂಚನ ಹಿಂದೆ ನಿಂತು ತಳ್ಳಿದಳು. ಅವಳಿಗಿಂತ ಇವಳು ಸಣ್ಣವಳು, ಉಯ್ಯಾಲೆ ಅಲುಗಿದ್ದು ಅಷ್ಟಕ್ಕಷ್ಟೇ. ಎರಡು ಸಲ ನೋಡಿ, ಬೆಂಚಿನ ಕಡೆ ತಿರುಗಿ ಕೂಗಿದಳು.

"ತಾತಾ, ಬಾ. ನನ್ ಫ್ರೆಂಡನ್ನ ತೂಗು ಬಾ. ನಂಗೆ ಆಗ್ತಿಲ್ಲ."

ಅಲ್ಲಿದ್ದ ಮಕ್ಕಳೆಲ್ಲ ತಿರುಗಿ ನಮ್ಮನ್ನು ನೋಡಿದರು. ಮಾವ ಏಳಲಿಲ್ಲ. ನನ್ನ ಮುಖ ನೋಡಿದರು.

"ಓಗ್ಲಾ ಅವ್ವ?" ಎಂದರು.

"ಹೋಗಿ ಮಾವ" ಎಂದೆ. "ಮಗು ಕರೀತಿದೆ."